ಹಗುರ ಕಟ್ಟಡ, ಕಡಿಯದ ಗುಡ್ಡ

ಮಲೆನಾಡಿನ ಊರುಗಳಲ್ಲಿ ಈಗ ಹೊಸದೊಂದು ಬೇಡಿಕೆ ಹುಟ್ಟಿಕೊಂಡಿದೆ. ಅದು ವಾಸದ ಮನೆಯ ಬೇಡಿಕೆಯಲ್ಲ, ಕೆಲಸದ ಕೋಣೆಯದು. ಚಿತ್ರ ಬರೆಯುವವರು, ಮರ ಕೆತ್ತುವವರು, ಮಗ್ಗ ಹೂಡಿದವರು, ತಾಳಮದ್ದಲೆಯ ಧ್ವನಿಮುದ್ರಣ ಮಾಡಬಯಸುವವರು, 2020ರ ಕೋವಿಡ್ ಕಾಲದಲ್ಲಿ ನಗರದಿಂದ ಮರಳಿ ಬಂದು ಊರಿನಿಂದಲೇ ಕಂಪ್ಯೂಟರ್ ಕೆಲಸ ಮುಂದುವರಿಸಿದವರು, ಹೀಗೆ ಹಲವರಿಗೆ ಮನೆಯಿಂದ ತುಸು ದೂರದಲ್ಲಿ, ಬೆಳಕು ಗಾಳಿಗಳಿರುವ ಒಂದು ಸ್ಟುಡಿಯೊ ಬೇಕೆನ್ನಿಸಿದೆ. ಶಿರಸಿ, ಸಿದ್ದಾಪುರ, ಸೊರಬ, ಸಾಗರಗಳ ಗುಡಿಗಾರರಿಗೆ ಬಹುಮಟ್ಟಿಗೆ ಮನೆಯ ಒಂದು ಭಾಗವೇ ಕೆಲಸದ ಶಾಲೆಯಾಗಿತ್ತು. ಇಂದಿನ ಕಿರಿಯರಿಗೆ ಜಗುಲಿ ಸಾಲದು. ಅವರು ಊರಿನಲ್ಲಿ ಉಳಿಯಬೇಕೆಂದು ಬಯಸುವ ಯಾರೂ ಈ ಬೇಡಿಕೆಯನ್ನು ಹಗುರವಾಗಿ ಕಾಣಲಾಗದು.

ಈ ಬೇಡಿಕೆಯ ಜೊತೆಗೇ ಹೊಸ ಸಾಮಗ್ರಿಯೂ ಘಟ್ಟ ಹತ್ತಿ ಬಂದಿದೆ. ಕಬ್ಬಿಣದ ಕೊಳವೆಗಳನ್ನು ತ್ರಿಕೋನಗಳಾಗಿ ಬೆಸೆದ ಟ್ರಸ್ಸುಗಳು. ಅವುಗಳ ಕೆಳಗೆ, ಕಂಬಗಳ ನಡುವೆ ನಿಲ್ಲಿಸುವ ಹಗುರ ಕಾಂಕ್ರೀಟಿನ ಪ್ಯಾನೆಲ್ಲುಗಳು. ಕಲ್ಲು ಕಟ್ಟುವ ಕೆಲಸವಿಲ್ಲ, ಸ್ಲ್ಯಾಬು ಸುರಿಯುವ ಗಡಿಬಿಡಿಯಿಲ್ಲ. ವೆಲ್ಡಿಂಗ್ ಬಲ್ಲ ಒಬ್ಬ, ಎತ್ತಿ ಹಿಡಿಯಲು ನಾಲ್ವರು ಇದ್ದರೆ ಕೆಲವೇ ವಾರಗಳಲ್ಲಿ ಕೋಣೆ ನಿಲ್ಲುತ್ತದೆ. ಇದನ್ನು ಕಂಡು ಕೆಲವರು ಬೆರಗಾಗಿದ್ದಾರೆ. ಇನ್ನು ಕೆಲವರು, ಮಣ್ಣು, ಚಿರೇಕಲ್ಲು, ಹೆಂಚುಗಳ ನಾಡಿಗೆ ಈ ಸಿಮೆಂಟಿನ ಪೆಟ್ಟಿಗೆ ಏಕೆ ಎಂದು ಮೂಗು ಮುರಿಯುತ್ತಾರೆ. ಬೆರಗಾದವರು ಕೇಳುವುದು ‘ಎಷ್ಟು ದಿನದಲ್ಲಿ?’ ಎಂದು. ಮೂಗು ಮುರಿಯುವವರು ಕೇಳುವುದು ‘ಯಾವುದರಿಂದ?’ ಎಂದು. ಗುಡ್ಡದ ಊರಿನಲ್ಲಿ ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ಕಟ್ಟಡಕ್ಕಾಗಿ ಗುಡ್ಡವನ್ನು ಎಷ್ಟು ಕಡಿಯಬೇಕು?

ಗುಡ್ಡದ ಲೆಕ್ಕ

ಸಿದ್ದಾಪುರ ತಾಲ್ಲೂಕಿನ ತ್ಯಾಗಲಿಯಂಥ ಊರಿನ ರಚನೆ ಈ ಸೀಮೆಯವರಿಗೆಲ್ಲ ಪರಿಚಿತ. ತಗ್ಗಿನಲ್ಲಿ ಅಡಕೆ ತೋಟ, ಅದರ ಅಂಚಿಗೆ ಮನೆ, ಮನೆಯ ಹಿಂದೆ ಏರುವ ಸೊಪ್ಪಿನಬೆಟ್ಟ. ತೋಟದ ನೀರು ಬೆಟ್ಟದ ಒಡಲಿನಿಂದ ಬರುತ್ತದೆ. ಮಳೆಗಾಲದಲ್ಲಿ ಕುಡಿದ ನೀರನ್ನು ಬೆಟ್ಟವು ಬೇಸಿಗೆಯವರೆಗೂ ಒಸರಾಗಿ, ಅಬ್ಬಿಯಾಗಿ ಕೆಳಗೆ ಬಿಡುತ್ತದೆ. ಸಮತಟ್ಟಾದ ಜಾಗವೆಲ್ಲ ಗದ್ದೆಗೆ, ತೋಟಕ್ಕೆ, ಅಂಗಳಕ್ಕೆ ಎಂದೋ ಸಂದುಹೋಗಿದೆ. ಹೊಸ ಕೋಣೆಗೆ ಉಳಿದಿರುವುದು ಇಳಿಜಾರು ಮಾತ್ರ. ಅದರಲ್ಲಿಯೂ ಸೊಪ್ಪಿನಬೆಟ್ಟದ ಮೇಲೆ ರೈತನಿಗಿರುವುದು ಸೊಪ್ಪು ದರಕಿನ ಸೌಲಭ್ಯವೇ ಹೊರತು ಕಟ್ಟಡ ಕಟ್ಟುವ ಹಕ್ಕಲ್ಲ. ಹೀಗಾಗಿ ಮಾಲ್ಕಿ ಜಾಗದ ಇಳಿಜಾರಿನ ಅಂಚಿಗೇ ಎಲ್ಲರ ಕಣ್ಣು.

ಇಂಥಲ್ಲಿ ಇಂದಿನ ರೂಢಿ ಸರಳವಾಗಿದೆ: ಮೊದಲು ಜೆಸಿಬಿ ಬರುತ್ತದೆ, ಆಮೇಲೆ ಕಟ್ಟಡದ ಯೋಚನೆ. ಈ ರೂಢಿಯ ಲೆಕ್ಕವನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ಮಾಡಿ ನೋಡಬಹುದು. ಮೂರು ಮೀಟರ್ ಸಾಗಿದರೆ ಒಂದು ಮೀಟರ್ ಏರುವ ಸಾಧಾರಣ ಇಳಿಜಾರು ಇದೆಯೆಂದು ಇಟ್ಟುಕೊಳ್ಳೋಣ. ಅಲ್ಲಿ 10 ಮೀಟರ್ ಉದ್ದ, 8 ಮೀಟರ್ ಅಗಲದ ಸಮತಟ್ಟು ಮಾಡಬೇಕಾದರೆ ಹಿಂಬದಿಯಲ್ಲಿ ನಿಲ್ಲುವ ಧರೆಯ ಎತ್ತರ ಸುಮಾರು 2.7 ಮೀಟರ್. ಅಗೆದು ತೆಗೆಯುವ ಮಣ್ಣು ನೂರು ಘನ ಮೀಟರಿಗಿಂತ ಹೆಚ್ಚು. ಅದರ ತೂಕ 170ರಿಂದ 180 ಟನ್. ಟಿಪ್ಪರಿನಲ್ಲಿ ಹೇರಿದರೆ ಇಪ್ಪತ್ತು ಲೋಡಿಗೂ ಮಿಗಿಲು. ಆ ಸಮತಟ್ಟಿನ ಮೇಲೆ ನಿಲ್ಲುವುದು ಇಪ್ಪತ್ತಡಿಗೆ ಹನ್ನೆರಡಡಿಯ ಒಂದು ಕೋಣೆ!

ಕಡಿದ ಮಣ್ಣಿನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಅದನ್ನು ಸಾಮಾನ್ಯವಾಗಿ ಕೆಳಬದಿಗೆ ಚೆಲ್ಲಲಾಗುತ್ತದೆ. ಮೊದಲ ಮಳೆಗೇ ಅದು ತೋಟದ ಬಸಿಗಾಲುವೆಗೆ ಇಳಿದು ಹೂಳಾಗುತ್ತದೆ. ನೀರು ಬಸಿಯದ ತೋಟದಲ್ಲಿ ಅಡಕೆಯ ಬೇರು ಕೊಳೆಯುತ್ತದೆ. ಮೇಲ್ಬದಿಯಲ್ಲಿ ಧರೆ ಬೆತ್ತಲಾಗಿ ನಿಲ್ಲುತ್ತದೆ. ಈ ಸೀಮೆಯ ಅನೇಕ ಗುಡ್ಡಗಳಲ್ಲಿ ಮೇಲೆ ಗಟ್ಟಿ ಚಿರೇಕಲ್ಲಿನ ಪದರವೂ ಅದರ ಕೆಳಗೆ ಮೆದುವಾದ ಶೇಡಿ ಮಣ್ಣೂ ಇರುತ್ತದೆ. ಮೇಲಿನ ಪದರವನ್ನು ತುಂಡರಿಸಿ ಶೇಡಿಯನ್ನು ತೆರೆದಿಟ್ಟರೆ ಅದು ಬೇಸಿಗೆಯಲ್ಲಿ ಕಲ್ಲಿನಂತೆ ತೋರಿ ಮಳೆಗಾಲದಲ್ಲಿ ಕೆಸರಿನಂತೆ ಜಾರುತ್ತದೆ. ಮಲೆನಾಡಿನಲ್ಲಿ ಪ್ರತಿ ಮಳೆಗಾಲದಲ್ಲಿಯೂ ಕೇಳಿಬರುವ ‘ಧರೆ ಕುಸಿತ’ದ ಸುದ್ದಿಯ ಹಿಂದೆ ಅನೇಕ ವೇಳೆ ಇರುವುದು ಇಂಥ ಸಣ್ಣ ಸಣ್ಣ ಕಡಿತಗಳೇ.

2021ರ ಜುಲೈ ತಿಂಗಳಿನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಜರಿದು ತೋಟ, ಮನೆ, ರಸ್ತೆಗಳನ್ನು ಕೊಂಡೊಯ್ದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಜೀವಗಳು ಹೋದವು. ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್ಮಲೆಗಳು ನೆಲಸಮವಾದವು. ಈ ದುರಂತಗಳಿಗೆಲ್ಲ ಒಂದೇ ಕಾರಣವಿದೆಯೆಂದು ಹೇಳುವುದು ತಪ್ಪಾಗುತ್ತದೆ. ಕೋಣೆ ಕಟ್ಟಿದ್ದರಿಂದ ಕಳಚೆ ಕುಸಿಯಲಿಲ್ಲ. ಆದರೆ ಅತಿವೃಷ್ಟಿ ಮತ್ತೆ ಮತ್ತೆ ಬರುತ್ತಿರುವ ಕಾಲದಲ್ಲಿ ಗುಡ್ಡದ ಬುಡಕ್ಕೆ ಕೈ ಹಾಕುವುದು ಹಿಂದಿಗಿಂತ ಹೆಚ್ಚು ಅಪಾಯಕರವೆಂಬ ಪಾಠವನ್ನಂತೂ ಅವು ಕಲಿಸಿವೆ.

ಹಗುರವೆಂದರೆ ಎಷ್ಟು?

ಟ್ರಸ್ಸು, ಪ್ಯಾನೆಲ್ಲುಗಳ ನಿಜವಾದ ಯೋಗ್ಯತೆ ಇಲ್ಲಿ ಕಾಣಿಸುತ್ತದೆ. ಅದೇ ಇಪ್ಪತ್ತಡಿಗೆ ಹನ್ನೆರಡಡಿಯ, ಹತ್ತಡಿ ಎತ್ತರದ ಕೋಣೆಯನ್ನು ಒಂಬತ್ತಂಗುಲದ ಚಿರೇಕಲ್ಲಿನ ಗೋಡೆಯಿಂದ ಕಟ್ಟಿ ಸ್ಲ್ಯಾಬು ಹಾಕಿದರೆ, ಬಾಗಿಲು ಕಿಟಕಿಗಳನ್ನು ಕಳೆದು ಗೋಡೆಯೇ ಸುಮಾರು 23 ಟನ್, ಸ್ಲ್ಯಾಬು 8 ಟನ್, ಒಟ್ಟು 31 ಟನ್ ತೂಗುತ್ತದೆ. ನಾಲ್ಕಂಗುಲದ ಹಗುರ ಪ್ಯಾನೆಲ್ಲಿನ ಗೋಡೆಯಾದರೆ ಮೂರೂಕಾಲು ಟನ್ ಆಸುಪಾಸು. ಟ್ರಸ್ಸು ಅರ್ಧ ಟನ್. ಅದರ ಮೇಲಿನ ಮಂಗಳೂರು ಹೆಂಚು ಒಂದೂವರೆ ಟನ್ನಿಗೆ ತುಸು ಹೆಚ್ಚು. ಕಬ್ಬಿಣದ ಕಂಬ ತೊಲೆಗಳ ಮೇಲೆ ಎತ್ತರಿಸಿದ ನೆಲವನ್ನು ಸೇರಿಸಿದರೂ ಒಟ್ಟು ತೂಕ ಎಂಟು ಟನ್ ದಾಟದು. ಅಂದರೆ ಕಾಲು ಭಾಗ.

ಎಂಟು ಟನ್ನಿನ ಕೋಣೆಯನ್ನು ಹೊರಲು ಸುತ್ತಲೂ ಪಂಚಾಂಗ ಅಗೆಯಬೇಕಿಲ್ಲ. ಎರಡಡಿ ಚೌಕದ, ಮೂರಡಿ ಆಳದ ಎಂಟು ಗುಂಡಿಗಳು ಸಾಕಾಗಬಹುದು. ಮೆದು ಮಣ್ಣಿದ್ದರೆ ಗುಂಡಿಯ ಗಾತ್ರ ಹಿರಿದಾಗಬೇಕು. ಎಂಟು ಗುಂಡಿಗಳ ಮಣ್ಣು ಮೂರು ಘನ ಮೀಟರಿಗಿಂತ ಕಡಿಮೆ. ನೂರು ಘನ ಮೀಟರ್ ಎಲ್ಲಿ, ಮೂರು ಘನ ಮೀಟರ್ ಎಲ್ಲಿ! ಕೋಣೆಯ ಉದ್ದವನ್ನು ಸಮಪಾತಳಿ ಬದುವಿನಂತೆ ಇಳಿಜಾರಿಗೆ ಅಡ್ಡಲಾಗಿ ಇಟ್ಟರೆ ಹನ್ನೆರಡಡಿ ಅಗಲಕ್ಕೆ ಬೀಳುವ ತಗ್ಗು ನಾಲ್ಕಡಿ ಮಾತ್ರ. ಕೆಳಬದಿಯ ಕಂಬಗಳು ಅಷ್ಟು ಉದ್ದವಾದರೆ ನೆಲ ಸಮವಾಗುತ್ತದೆ. ಕೋಣೆಯ ಅಡಿಯಲ್ಲಿ ಮಳೆನೀರು ಎಂದಿನಂತೆ ಹರಿಯುತ್ತದೆ, ಹುಲ್ಲು ಬೆಳೆಯುತ್ತದೆ, ಗುಡ್ಡದ ಒಸರು ತನ್ನ ದಾರಿಯಲ್ಲಿಯೇ ಹೋಗುತ್ತದೆ.

ಇದು ಮಲೆನಾಡಿಗೆ ಹೊರಗಿನಿಂದ ಬಂದ ವಿಚಾರವೇನೂ ಅಲ್ಲ. ಅಡಕೆ ಒಣಗಿಸುವ ಅಟ್ಟವನ್ನು ಕಟ್ಟುವಾಗ ಯಾರೂ ನೆಲ ಕಡಿದು ಸಮ ಮಾಡಿದವರಲ್ಲ; ತಗ್ಗಿಗೆ ಉದ್ದದ ಕಂಬ, ಏರಿಗೆ ಗಿಡ್ಡ ಕಂಬ ಹುಗಿದು ಮೇಲೆ ಅಡಕೆ ದಬ್ಬೆ ಹಾಸಿದರು. ಹಳ್ಳಕ್ಕೆ ಹಾಕಿದ ಕಾಲುಸಂಕವೂ ದಡವನ್ನು ಕಡಿಯದೆ ದಾಟುವ ಉಪಾಯವೇ. ಸೋಗೆಯ ಮಾಡು, ದಬ್ಬೆಯ ತಟ್ಟಿಗಳೂ ಹಗುರ ಕಟ್ಟಡದ ವಿದ್ಯೆಯೇ. ಆಸ್ಟ್ರೇಲಿಯಾದ ವಾಸ್ತುಶಿಲ್ಪಿ ಗ್ಲೆನ್ ಮರ್ಕಟ್ ಕಬ್ಬಿಣ ಹಾಗೂ ತಗಡುಗಳಿಂದ, ನೆಲವನ್ನು ಕಂಬಗಳಿಂದ ಮಾತ್ರ ಮುಟ್ಟುವ ಮನೆಗಳನ್ನು ಕಟ್ಟಿ 2002ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದರು. ಅಡಕೆ ಅಟ್ಟದ ನಾಡಿಗೆ ಆ ತತ್ತ್ವ ಅಪರಿಚಿತವಾಗಬೇಕಾಗಿಲ್ಲ.

ಟ್ರಸ್ಸು ಮತ್ತು ಕಾಡು

ಟ್ರಸ್ಸಿನ ಮತ್ತೊಂದು ಉಪಕಾರವನ್ನು ಈ ಸೀಮೆಯ ಜನ ಮರೆಯಬಾರದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಕ್ರಮೇಣ ಸೋಗೆಯ ಮಾಡುಗಳು ಹೆಂಚಿನ ಮಾಡುಗಳಾದವು. ಬೆಂಕಿಯ ಭಯ ತಪ್ಪಿತು, ವರ್ಷವರ್ಷ ಸೋಗೆ ಹೊದೆಸುವ ಕಷ್ಟ ತಪ್ಪಿತು. ಆದರೆ ಹೆಂಚಿನ ಭಾರ ಹೊರಲು ತೊಲೆ, ಪಕಾಸು, ರೀಪುಗಳಿಗಾಗಿ ಗಟ್ಟಿ ಮರಗಳು ಬೇಕಾದವು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಬಳಿಯ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿ ನಿಂತದ್ದು ವಾಣಿಜ್ಯದ ಕಡಿತದ ವಿರುದ್ಧ. ಹಾಗೆ ನಿಂತ ಸೀಮೆಯಲ್ಲಿ ಊರಿನ ಸ್ವಂತ ಕಟ್ಟಡಗಳೂ ಕಾಡಿನ ಮೇಲಿನ ಭಾರವನ್ನು ಇಳಿಸಬೇಕೆಂಬುದು ಸಹಜ ನ್ಯಾಯ. ಕಬ್ಬಿಣದ ಟ್ರಸ್ಸಿನ ಮೇಲೆ ಹಳೆಯ ಹೆಂಚನ್ನೇ ಹೊದೆಸುವ ಪದ್ಧತಿ ಇಲ್ಲಿ ಬೇರೂರಿರುವುದು ಈ ದೃಷ್ಟಿಯಿಂದ ಸಂತೋಷದ ಸಂಗತಿ.

ಆದರೂ ಕಬ್ಬಿಣವನ್ನು ‘ಹಸಿರು’ ಎಂದು ಕರೆಯಲಾಗದು. ಒಂದು ಟನ್ ಉಕ್ಕು ತಯಾರಾಗುವಾಗ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ಟನ್ ಸಿಮೆಂಟಿಗೆ 600ರಿಂದ 900 ಕೆ.ಜಿ. ಸ್ಲ್ಯಾಬು ಬಿಟ್ಟಿದ್ದರಿಂದ ಉಳಿಯುವ ಸುಮಾರು 24 ಚೀಲ ಸಿಮೆಂಟಿನ ಪುಣ್ಯವನ್ನು ಕಬ್ಬಿಣದ ಕಂಬ, ತೊಲೆ, ಟ್ರಸ್ಸುಗಳು ತಿಂದುಹಾಕಬಹುದು. ಆದ್ದರಿಂದ ಹಗುರ ಕಟ್ಟಡದಿಂದ ಲೋಕದ ತಾಪ ಇಳಿಯುತ್ತದೆಂಬ ಜಾಹೀರಾತಿನ ಮಾತನ್ನು ಬದಿಗಿಡುವುದೇ ಲೇಸು. ಅದರ ಲಾಭವಿರುವುದು ಗುಡ್ಡದಲ್ಲಿ, ಕಾಡಿನಲ್ಲಿ. ಗುಡ್ಡವನ್ನು ಕಡಿದು ಸಮತಟ್ಟು ಮಾಡಿ, ಆಮೇಲೆ ಅದರ ಮೇಲೆ ಹಗುರ ಪ್ಯಾನೆಲ್ ನಿಲ್ಲಿಸಿದರೆ ಆ ಲಾಭವೂ ಇಲ್ಲ. ಉಳಿಯುವುದು ಖರ್ಚು ಮಾತ್ರ.

ಪ್ಯಾನೆಲ್ಲಿನ ಗುಣ ದೋಷ

ಎಲ್ಲ ಪ್ಯಾನೆಲ್ಲುಗಳೂ ಒಂದೇ ಅಲ್ಲ. ಒಂದು ಬಗೆ, ಗಾಳಿಗುಳ್ಳೆಗಳ ಕಾಂಕ್ರೀಟು. ಸಿಮೆಂಟು, ಸುಣ್ಣ, ಹಾರುಬೂದಿ ಅಥವಾ ನುಣ್ಣನೆಯ ಮರಳು, ಇವುಗಳಿಗೆ ಚಿಟಿಕೆ ಅಲ್ಯೂಮಿನಿಯಂ ಪುಡಿ ಬೆರೆಸಿದಾಗ ಜಲಜನಕದ ಗುಳ್ಳೆಗಳೆದ್ದು ಮಿಶ್ರಣ ದೋಸೆ ಹಿಟ್ಟಿನಂತೆ ಉಬ್ಬುತ್ತದೆ. ಅದನ್ನು ಕೊಯ್ದು ಒತ್ತಡದ ಹಬೆಯಲ್ಲಿ ಬೇಯಿಸಿದರೆ ಗಟ್ಟಿಯಾಗುತ್ತದೆ. ಸ್ವೀಡನ್ನಿನ ಆಕ್ಸೆಲ್ ಎರಿಕ್ಸನ್ 1920ರ ದಶಕದಲ್ಲಿ ಇದನ್ನು ರೂಪಿಸಿದ್ದು ಮರಕ್ಕೆ ಬದಲಿ ಸಾಮಗ್ರಿಯ ಹುಡುಕಾಟದಲ್ಲಿ. ಸಾಮಾನ್ಯ ಕಾಂಕ್ರೀಟು ಘನ ಮೀಟರಿಗೆ 2,400 ಕೆ.ಜಿ. ತೂಗಿದರೆ ಇದು 550ರಿಂದ 650 ಕೆ.ಜಿ. ಇದು ಬೆಂಕಿಗೆ ಅಂಜುವುದಿಲ್ಲ, ಗೆದ್ದಲಿಗೆ ಸಿಗುವುದಿಲ್ಲ. ಎರಡಡಿ ಅಗಲ, ಎಂಟಡಿ ಉದ್ದ, ನಾಲ್ಕಂಗುಲ ದಪ್ಪದ ಹಲಗೆ 95 ಕೆ.ಜಿ. ಆಸುಪಾಸು ಇರುವುದರಿಂದ ಲಾರಿ ಹೋಗದ ಕಾಲುದಾರಿಯಲ್ಲಿಯೂ ನಾಲ್ವರು ಹೊತ್ತೊಯ್ಯಬಹುದು. ರಸ್ತೆಗಾಗಿ ಇನ್ನೊಂದು ಧರೆ ಕಡಿಯುವುದು ಇದರಿಂದ ತಪ್ಪುತ್ತದೆ.

ಇನ್ನೊಂದು ಬಗೆಯಲ್ಲಿ ಎರಡು ತೆಳು ಸಿಮೆಂಟು ಹಲಗೆಗಳ ನಡುವೆ ಥರ್ಮೋಕೋಲಿನ ಮಣಿ ಬೆರೆಸಿದ ಕಾಂಕ್ರೀಟು ತುಂಬಿರುತ್ತದೆ. ಕೊಯ್ಯುವಾಗ, ಒಡೆದಾಗ ಆ ಮಣಿಗಳು ಗಾಳಿಗೆ ಹಾರಿ ಹಳ್ಳ ಸೇರುತ್ತವೆ. ಅಘನಾಶಿನಿಯ ಮೇಲ್ಭಾಗದ ಹಳ್ಳಗಳಲ್ಲಿ ತೇಲಿದ್ದು ಒಂದಲ್ಲ ಒಂದು ದಿನ ಅಳಿವೆಯ ಮೀನಿನ ಹೊಟ್ಟೆ ಸೇರುತ್ತದೆ. ಹಳ್ಳದ ಮೇಲ್ದಂಡೆಯ ಊರುಗಳಿಗೆ ಈ ಬಗೆ ಬೇಡ.

ಮೂರನೆಯದು ಊರಿನಲ್ಲಿಯೇ ತಯಾರಾಗುವಂಥದು: ಫೆರೋಸಿಮೆಂಟ್. ಮಳೆನೀರಿನ ತೊಟ್ಟಿ ಕಟ್ಟಿದ ಗಾರೆಯವರಿಗೆ ಇದರ ವಿದ್ಯೆ ಗೊತ್ತಿದೆ. ಕಬ್ಬಿಣದ ಜಾಲರಿಗೆ ಒಂದಂಗುಲ ದಪ್ಪ ಗಾರೆ ಮೆತ್ತಿ ಹದವಾಗಿ ನೀರುಣಿಸಿದರೆ ಹಲಗೆ ಸಿದ್ಧ. ಚದರ ಮೀಟರಿಗೆ ಸುಮಾರು 60 ಕೆ.ಜಿ., ಅಂದರೆ ಕಾರ್ಖಾನೆಯ ನಾಲ್ಕಂಗುಲದ ಪ್ಯಾನೆಲ್ಲಿನಷ್ಟೇ ತೂಕ. ಕೋಣೆಗೆಲ್ಲ ಒಂದೂಕಾಲು ಘನ ಮೀಟರ್ ಗಾರೆ ಸಾಕು. ಹೊಳೆಯ ಮರಳಿನ ಬೇಡಿಕೆಯೂ ಅಷ್ಟೇ ಅಲ್ಪ. ಬಿಸಿಲಿಗೆ ಬೇಗ ಕಾಯುವುದು ಇದರ ಕೊರತೆ. ಎರಡು ಪದರ ನಿಲ್ಲಿಸಿ ನಡುವೆ ಗಾಳಿಗೆ ಜಾಗ ಬಿಟ್ಟರೆ ಆ ಕೊರತೆ ತಗ್ಗುತ್ತದೆ. ಹಣ ಊರಿನ ಕೈಗಳಲ್ಲಿಯೇ ಉಳಿಯುವುದು ಇದರ ದೊಡ್ಡ ಗುಣ.

ಚಿರೇಕಲ್ಲಿನ ಪರವಾಗಿ ಆಡುವ ಮಾತಿನಲ್ಲಿಯೂ ಸತ್ಯವಿದೆ. ಬಿಚ್ಚಿದ ಗೋಡೆಯ ಕಲ್ಲನ್ನು ಮತ್ತೆ ಕಟ್ಟಬಹುದು, ಒಡೆದ ಪ್ಯಾನೆಲ್ ಕಸವಾಗುತ್ತದೆ. ಸಮತಟ್ಟಾದ ಗಟ್ಟಿ ನೆಲವಿದ್ದವರು ಕಲ್ಲಿನಲ್ಲಿಯೋ ಮಣ್ಣಿನ ಇಟ್ಟಿಗೆಯಲ್ಲಿಯೋ ಕಟ್ಟುವುದೇ ಉಚಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮೊದಲಾದವರು ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬೆಳೆಸಿದ್ದು ಇಂಥ ನೆಲಕ್ಕಾಗಿಯೇ ಎನ್ನಬಹುದು. ಇಳಿಜಾರಿಗೆ ಹಗುರ, ಬಯಲಿಗೆ ಮಣ್ಣು ಕಲ್ಲು: ಸಾಮಗ್ರಿಯನ್ನು ಆರಿಸಬೇಕಾದುದು ನೆಲದ ಸ್ವಭಾವ, ಅಂಗಡಿಯವನ ಮಾತಲ್ಲ.

ಮಳೆ, ಸದ್ದು, ಗಾಳಿ

ವರ್ಷಕ್ಕೆ 2,500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಸೀಮೆಯಿದು. ಬಯಲುಸೀಮೆಯ ನಕ್ಷೆಯನ್ನು ಇಲ್ಲಿ ಹಾಗೆಯೇ ನಿಲ್ಲಿಸಿದರೆ ಮೊದಲ ಆಷಾಢದಲ್ಲಿಯೇ ಗೋಡೆ ಬೂಷ್ಟು ಹಿಡಿಯುತ್ತದೆ. ಗಾಳಿಗುಳ್ಳೆಯ ಕಾಂಕ್ರೀಟು ನೀರು ಹೀರುವ ಸ್ವಭಾವದ್ದು. ಆದ್ದರಿಂದ ಸೂರು ಗೋಡೆಯಿಂದ ಮೂರಡಿಯಾದರೂ ಮುಂದೆ ಚಾಚಬೇಕು. ಟ್ರಸ್ಸಿನ ತುದಿಯನ್ನು ಉದ್ದ ಬಿಟ್ಟರೆ ಇದು ಸುಲಭ. ಇರಚಲು ಹೊಡೆಯುವ ಪಡುವಣ ದಿಕ್ಕಿಗೆ ಹಿಂದಿನವರಂತೆ ಜಡಿತಟ್ಟಿ ಕಟ್ಟಬೇಕು. ಪ್ಯಾನೆಲ್ಲುಗಳ ನಡುವಿನ ಕೂಡುಗೆರೆಗಳನ್ನು ಬೇಸಿಗೆ ಮುಗಿಯುವುದರೊಳಗೆ ಮುಚ್ಚಬೇಕು. ಕಬ್ಬಿಣದ ಕಂಬ ಮಣ್ಣನ್ನು ಮುಟ್ಟಕೂಡದು. ನೆಲದಿಂದ ಒಂದಡಿ ಎತ್ತರದ ಕಾಂಕ್ರೀಟು ದಿಂಡಿನ ಮೇಲೆ ನಿಲ್ಲಬೇಕು. ಕೊಳವೆಗಳ ಬಾಯಿ ಮುಚ್ಚದಿದ್ದರೆ ತುಕ್ಕು ಒಳಗಿನಿಂದಲೇ ತಿನ್ನುತ್ತದೆ.

ಹಗುರದ ಶತ್ರು ಗಾಳಿ. ಏಪ್ರಿಲ್ ಮೇ ತಿಂಗಳ ಗುಡುಗುಮಳೆಯಲ್ಲಿ ತಗಡುಗಳು ಹಾರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಕಲ್ಲಿನ ಮನೆ ತನ್ನ ಭಾರದಿಂದಲೇ ನಿಲ್ಲುತ್ತದೆ. ಹಗುರ ಕೋಣೆಯನ್ನು ನೆಲಕ್ಕೆ ಕಟ್ಟಿಹಾಕಬೇಕು. ಟ್ರಸ್ಸನ್ನು ಕಂಬಕ್ಕೂ ಕಂಬವನ್ನು ಅಡಿಯ ಕಾಂಕ್ರೀಟಿಗೂ ಬೋಲ್ಟಿನಿಂದ ಬಿಗಿಯಬೇಕು. ಕಂಬಗಳ ನಡುವೆ ಓರೆ ಬಂಧ ಕೊಡಬೇಕು. ಸಿಡಿಲಿನ ಊರುಗಳಲ್ಲಿ ಚೌಕಟ್ಟಿಗೆ ಭೂಸಂಪರ್ಕವೂ ಅಗತ್ಯ. ಈ ಲೆಕ್ಕಗಳನ್ನು ಬಲ್ಲ ಎಂಜಿನಿಯರರಿಗೆ ಒಮ್ಮೆ ತೋರಿಸುವ ಖರ್ಚು ವ್ಯರ್ಥವಲ್ಲ.

ಸಂಗೀತ, ಧ್ವನಿಮುದ್ರಣಗಳಿಗೆ ಕಟ್ಟುವವರು ಇನ್ನೊಂದನ್ನು ತಿಳಿದಿರಬೇಕು. ಸದ್ದನ್ನು ತಡೆಯುವುದು ಗೋಡೆಯ ತೂಕ. ತೂಕ ಅರ್ಧವಾದಂತೆಲ್ಲ ತಡೆಯುವ ಶಕ್ತಿ ಐದಾರು ಡೆಸಿಬಲ್ ಕುಗ್ಗುತ್ತದೆ. ಬರಿಯ ತಗಡಿನ ಮಾಡಿನ ಕೆಳಗೆ ಜುಲೈ ತಿಂಗಳಿನಲ್ಲಿ ಮದ್ದಲೆಯ ನುಡಿ ಕೇಳಿಸದು. ಹೆಂಚು, ಅದರ ಕೆಳಗೆ ಮುಚ್ಚಿಗೆ, ಇಬ್ಬದಿಯ ಗೋಡೆ ಇವು ಮಳೆಯ ಸದ್ದನ್ನು ತಕ್ಕಮಟ್ಟಿಗೆ ತಗ್ಗಿಸುತ್ತವೆ. ಯಕ್ಷಗಾನದ ಹೆಜ್ಜೆಗಾರಿಕೆಗೆ ಕಂಬದ ಮೇಲಿನ ನೆಲ ಒಗ್ಗುವುದಿಲ್ಲ. ಅದಕ್ಕೆ ಗಟ್ಟಿ ನೆಲದ ಬಯಲೇ ಸರಿ. ಓದು, ಚಿತ್ರ, ಕೆತ್ತನೆ, ಕಂಪ್ಯೂಟರ್ ಕೆಲಸಗಳಿಗೆ ಇಂಥ ಅಡಚಣೆಯಿಲ್ಲ.

ಮೊದಲು ಪೈಪು, ಆಮೇಲೆ ಯಂತ್ರ

ಸ್ವಂತ ಕೈಯಿಂದ ಸ್ಟುಡಿಯೊ ಕಟ್ಟಬಯಸುವವರು ಮೊದಲು ಕೊಳ್ಳಬೇಕಾದುದು ಪ್ಯಾನೆಲ್ಲನ್ನಲ್ಲ, ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪನ್ನು. ಅದರಲ್ಲಿ ನೀರು ತುಂಬಿ, ಎರಡು ಕೋಲುಗಳ ನಡುವೆ ಹಿಡಿದರೆ ಜಾಗದ ಇಳಿಜಾರು ತಿಳಿಯುತ್ತದೆ. ಶಾಲೆ ಕಾಲೇಜಿನ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಈ ಕೆಲಸ ಮಾಡಿಕೊಡಬಲ್ಲರು. ಒಂದು ಮಳೆಗಾಲವಿಡೀ ಆ ಜಾಗದಲ್ಲಿ ನೀರು ಎಲ್ಲಿ ಒಸರುತ್ತದೆ, ಎಲ್ಲಿ ಹರಿಯುತ್ತದೆ ಎಂಬುದನ್ನು ಗುರುತಿಸಿಡಬೇಕು. ಒಸರಿರುವ ಜಾಗ, ಮರಗಳು ಬಾಗಿ ನಿಂತ ಜಾಗ, ಮೊದಲೇ ಬಿರುಕು ಬಿಟ್ಟ ಜಾಗಗಳಲ್ಲಿ ಹಗುರವಾದರೂ ಸರಿಯೆ, ಭಾರವಾದರೂ ಸರಿಯೆ, ಕಟ್ಟಕೂಡದು. ಹಗುರ ಕಟ್ಟಡವು ಗುಡ್ಡಕ್ಕೆ ಆಗುವ ಗಾಯವನ್ನು ಕಿರಿದುಗೊಳಿಸುತ್ತದೆಯೇ ಹೊರತು ಜಾರುವ ಗುಡ್ಡವನ್ನು ನಿಲ್ಲಿಸುವುದಿಲ್ಲ.

ಗ್ರಾಮ ಪಂಚಾಯಿತಿಗಳೂ ಇಲ್ಲಿ ಒಂದು ಹೊಣೆ ಹೊರಬೇಕು. ಕಟ್ಟಡಕ್ಕೆ ಪರವಾನಗಿ ಕೇಳಿದವರಿಗೆ ಗೋಡೆ ಎಷ್ಟು, ಕಿಟಕಿ ಎಷ್ಟು ಎಂಬುದರ ಜೊತೆಗೆ ಧರೆ ಎಷ್ಟು ಎತ್ತರ, ಕಡಿದ ಮಣ್ಣು ಎಲ್ಲಿಗೆ ಎಂಬ ಎರಡು ಪ್ರಶ್ನೆಗಳನ್ನೂ ಕೇಳಬೇಕು. ಇವುಗಳಿಗೆ ಉತ್ತರ ಬರೆಯುವ ಹೊತ್ತಿಗೇ ಅನೇಕ ಜೆಸಿಬಿಗಳು ಅರ್ಧ ದಾರಿಯಿಂದ ಮರಳಬಹುದು.

ಕಿರಿಯರು ಊರಿನಲ್ಲಿ ಉಳಿಯಬೇಕು, ಅವರ ಕೆಲಸಕ್ಕೊಂದು ಸೂರು ಬೇಕು. ಅದರ ಕೆಳಗಿನ ತೋಟಕ್ಕೆ ನೀರೂ ಬೇಕು. ಎಂಟು ಗುಂಡಿಗಳ ಮೇಲೆ ನಿಂತ ಕೋಣೆಯನ್ನು ಐವತ್ತು ವರ್ಷಗಳ ಬಳಿಕ ಬೇಡವೆನಿಸಿದರೆ ಬೋಲ್ಟು ಬಿಚ್ಚಿ ತೆಗೆಯಬಹುದು. ಗುಂಡಿಗಳಲ್ಲಿ ಎಂಟು ಸಸಿ ನೆಡಬಹುದು. ಕಡಿದ ಗುಡ್ಡವನ್ನು ಮತ್ತೆ ಮೊದಲಿನಂತೆ ಕೂಡಿಸುವ ಯಂತ್ರವನ್ನು ಯಾರೂ ಮಾಡಿಲ್ಲ.